ಹೊಸ ಕಾರ್ಡ್ ಹಾಕಿದರೂ ಗೇಮ್ ಮುಗ್ಗರಿಸುತ್ತಿದೆಯೇ?

ಡೊಂಬಿವಲಿ ಪೂರ್ವದ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಕುಂದಾಪುರ ಕಡೆಯ ಒಂದು ಸಂಸಾರವಿದೆ. ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಮಗ ಕಾಲೇಜು ಹುಡುಗ. ದೀಪಾವಳಿ ಬೋನಸ್ ಕೈಗೆ ಬಂದ ವಾರವೇ ಹುಡುಗ ದಾದರಿನಲ್ಲಿ ಗಾಡಿ ಬದಲಿಸಿ ಗ್ರ್ಯಾಂಟ್ ರೋಡಿಗೆ ಹೋಗಿ, ಲ್ಯಾಮಿಂಗ್ಟನ್ ರಸ್ತೆಯಿಂದ ಗ್ರಾಫಿಕ್ಸ್ ಕಾರ್ಡ್ ತಂದ. ಸಂಜೆಯ ಕಲ್ಯಾಣ್ ಫಾಸ್ಟ್‌ನ ನೂಕುನುಗ್ಗಲಿನಲ್ಲಿ ಡಬ್ಬವನ್ನು ತಲೆಯ ಮೇಲೆ ಹಿಡಿದುಕೊಂಡೇ ನಿಂತಿದ್ದನಂತೆ. ರಾತ್ರಿ ಒಂಬತ್ತಕ್ಕೆ ಅಪ್ಪನ ಫೋನು: "ಎಂತದು ಮಾರಾಯ್ರೆ, ಮೂವತ್ತು ಸಾವಿರ ಕೊಟ್ಟು ತಂದದ್ದು. ಆಟ ಮೊದಲು ಹೇಗೆ ಓಡ್ತಿತ್ತೋ ಈಗಲೂ ಹಾಗೇ ಉಂಟಂತೆ. ಒಮ್ಮೆ ಬಂದು ನೋಡಿ."

ಹೋಗಿ ಕ್ಯಾಬಿನೆಟ್ಟನ್ನು ಗೋಡೆಯಿಂದ ಈಚೆಗೆ ಎಳೆದು ಹಿಂಬದಿ ತಿರುಗಿಸಿದೆ. ಮಾನಿಟರಿನ ಎಚ್‌ಡಿಎಂಐ ಕೇಬಲ್ ಹಳೆಯ ಜಾಗದಲ್ಲೇ, ಅಂದರೆ ಮದರ್‌ಬೋರ್ಡಿನ ಪೋರ್ಟಿನಲ್ಲೇ ಇತ್ತು. ಒಂದು ಗೇಣು ಕೆಳಗೆ ಹೊಸ ಕಾರ್ಡಿನ ಪೋರ್ಟುಗಳು ಇನ್ನೂ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡು ಕೂತಿದ್ದವು. ಮುಚ್ಚಳ ಕಿತ್ತು ಕೇಬಲ್ ಬದಲಿಸಿದೆ. ಆಟ ಓಡಿತು.

ಎಲ್ಲರ ತೊಂದರೆಯೂ ಒಂದು ಕೇಬಲ್ಲಿನಲ್ಲಿ ಮುಗಿಯುವುದಿಲ್ಲ, ನಿಜ. ಆದರೆ ಥಾಣೆ, ಕಲ್ಯಾಣ್, ನವಿಮುಂಬಯಿಯ ಪರಿಚಯದ ಮನೆಗಳಲ್ಲಿ ಇಂಥ ಸಿಸ್ಟಂಗಳನ್ನು ಬಿಚ್ಚಿ ನೋಡಿದ ಅನುಭವದಿಂದ ಒಂದು ಮಾತು ಹೇಳಬಲ್ಲೆ: ಹೊಸದಾಗಿ ತಂದ ಭಾಗವೇ ಕೆಟ್ಟಿರುವುದು ಅಪರೂಪ. ಹೊಸ ಭಾಗಕ್ಕೆ ಬೇಕಾದ ದಾರಿಯನ್ನು ಹಳೆಯ ಸಿಸ್ಟಂ ಬಿಟ್ಟುಕೊಟ್ಟಿರುವುದಿಲ್ಲ. ಆದ್ದರಿಂದ ಅಂಗಡಿಯವನ ಜೊತೆ ಜಗಳಕ್ಕೆ ಹೋಗುವ ಮೊದಲು, ಇನ್ನೊಂದು ಭಾಗಕ್ಕೆ ದುಡ್ಡು ಸುರಿಯುವ ಮೊದಲು, ಒಂದು ಭಾನುವಾರ ಬಿಡುವು ಮಾಡಿಕೊಂಡು ಈ ಕೆಳಗಿನದನ್ನು ಮಾಡಿ ನೋಡಿ.

ತಡೆ ಎಲ್ಲಿರುತ್ತದೆ?

ಕಲ್ಯಾಣ್ ಕಡೆಯಿಂದ ದಿನಾ ಥಾಣೆಗೆ ಬರುವವರಿಗೆ ದಿವಾ ಫಾಟಕದ ಕತೆ ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆಯ ವಾಹನಗಳಿಗೆ ಗೇಟು ತೆರೆದರೆ ಫಾಸ್ಟ್ ಲೋಕಲ್ಲೂ ಸಿಗ್ನಲಿನಲ್ಲಿ ನಿಲ್ಲಲೇಬೇಕು. ಹೊಸ ರೇಕ್ ತಂದರೆ, ಎ.ಸಿ. ಲೋಕಲ್ ಬಿಟ್ಟರೆ ಗೇಟು ಬೇಗ ಮುಚ್ಚುವುದಿಲ್ಲ. 2022ರ ಫೆಬ್ರವರಿಯಲ್ಲಿ ಥಾಣೆ–ದಿವಾ ನಡುವೆ ಐದನೇ ಮತ್ತು ಆರನೇ ಹಳಿ ಶುರುವಾದದ್ದು ಇದೇ ತರ್ಕದ ಮೇಲೆ. ಗಾಡಿಯ ವೇಗಕ್ಕಿಂತ ದಾರಿಯ ತಡೆ ಮುಖ್ಯ.

ಗೇಮಿನ ಪ್ರತಿ ಚಿತ್ರವೂ, ಅಂದರೆ ಪ್ರತಿ ಫ್ರೇಮೂ, ಇಂಥ ಒಂದು ದಾರಿ ದಾಟಿಯೇ ಪರದೆಗೆ ಬರುತ್ತದೆ. ಶತ್ರು ಎಲ್ಲಿದ್ದಾನೆ, ಗುಂಡು ಎಲ್ಲಿ ತಾಗಿತು ಎಂಬ ಲೆಕ್ಕ ಪ್ರೊಸೆಸರಿನದು. ಆ ಲೆಕ್ಕಕ್ಕೆ ಬೇಕಾದ ಮಾಹಿತಿಯನ್ನು ಕೈಗೆ ಕೊಡುವುದು ರ‍್ಯಾಮ್. ದೃಶ್ಯಗಳನ್ನು ತೆಗೆದುಕೊಡುವುದು ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್, ಬಿಡಿಸುವುದು ಗ್ರಾಫಿಕ್ಸ್ ಕಾರ್ಡ್, ಎಲ್ಲಕ್ಕೂ ಕರೆಂಟು ಹಂಚುವುದು ಎಸ್‌ಎಂಪಿಎಸ್. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡು. 144 ಬೇಕೆಂದರೆ 7 ಮಿಲಿಸೆಕೆಂಡೂ ಇಲ್ಲ. ಈ ಸಾಲಿನಲ್ಲಿ ಒಬ್ಬ ತಡ ಮಾಡಿದರೂ ಉಳಿದವರು ಕೈಕಟ್ಟಿ ಕಾಯಬೇಕು. ಹೊಸ ಕಾರ್ಡ್ ಕಾಯುತ್ತಾ ಕೂತಿದೆಯೋ, ದುಡಿಯುತ್ತಿದೆಯೋ ಎಂಬುದನ್ನು ಮೊದಲು ಪತ್ತೆ ಮಾಡಬೇಕು.

ನಿಮ್ಮ ತೊಂದರೆ ಯಾವುದು?

ಎಲ್ಲದಕ್ಕೂ "ಲ್ಯಾಗ್ ಆಗ್ತಿದೆ" ಎನ್ನುವುದು ನಮ್ಮ ರೂಢಿ. ಅದರೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿವೆ.

ಎಫ್‌ಪಿಎಸ್ ಒಟ್ಟಾರೆ ಕಡಿಮೆ ಇರುವುದು ಒಂದು. ಎಫ್‌ಪಿಎಸ್ 100ರ ಮೇಲೆ ಇದ್ದರೂ ನಡುನಡುವೆ ಗಕ್ಕನೆ ನಿಂತು ಮುಂದುವರಿಯುವುದು ಇನ್ನೊಂದು. ಚಿತ್ರ ನಯವಾಗಿ ಓಡುತ್ತಿದ್ದು, ಎದುರಾಳಿ ಮಾತ್ರ ಇಲ್ಲಿಂದಲ್ಲಿಗೆ ಹಾರಿದಂತೆ ಕಂಡರೆ ಅದು ಮೂರನೆಯದು, ಇಂಟರ್‌ನೆಟ್ಟಿನದು. ಅದಕ್ಕೆ ಕಾರ್ಡ್ ಬದಲಿಸಿ ಪ್ರಯೋಜನವಿಲ್ಲ. ವ್ಯಾಲರಂಟ್‌ನಂಥ ಗೇಮಿನ ಸರ್ವರ್ ಮುಂಬಯಿಯಲ್ಲೇ ಇರುವಾಗ ಡೊಂಬಿವಲಿಯಲ್ಲಿ ಕೂತವನಿಗೆ ಪಿಂಗ್ ನೂರು ದಾಟಬಾರದು. ದಾಟುತ್ತಿದ್ದರೆ, ಹಾಲ್‌ನಲ್ಲಿರುವ ರೌಟರಿನಿಂದ ಒಳಕೋಣೆಗೆ ವೈಫೈ ಎರಡು ಗೋಡೆ ದಾಟಿ ಬರುತ್ತಿದೆಯೇ ನೋಡಿ. ಲ್ಯಾನ್ ಕೇಬಲ್ ಎಳೆದು ಒಮ್ಮೆ ಆಡಿ. ಸರಿಯಾದರೆ ಈ ಲೇಖನ ನಿಮಗೆ ಇಲ್ಲಿಗೇ ಮುಗಿಯಿತು.

ಬಿಚ್ಚುವ ಮೊದಲು ಅಳೆಯಿರಿ

ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತ ತಂತ್ರಾಂಶ. ಅದರ ಜೊತೆಯಲ್ಲೇ ಬರುವ ರಿವಾಟ್ಯೂನರ್ ಹಾಕಿಕೊಂಡರೆ ಆಡುವಾಗಲೇ ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣುತ್ತವೆ. ಎಫ್‌ಪಿಎಸ್, ಗ್ರಾಫಿಕ್ಸ್ ಕಾರ್ಡಿನ ಬಳಕೆ, ಅದರ ತಾಪ, ಪ್ರೊಸೆಸರಿನ ಬಳಕೆ ಮತ್ತು ತಾಪ, ಕಾರ್ಡಿನ ಮೆಮೊರಿ ಬಳಕೆ – ಈ ಆರು ಸಾಕು. ಒಂದೇ ಗೇಮು, ಒಂದೇ ಜಾಗ, ಒಂದೇ ಸೆಟ್ಟಿಂಗ್. ಹತ್ತು ನಿಮಿಷ ಆಡಿ ಅಂಕಿಗಳನ್ನು ಕಾಗದದಲ್ಲಿ ಬರೆದುಕೊಳ್ಳಿ. ಮುಂದೆ ಏನು ಬದಲಿಸಿದರೂ ಇದೇ ಜಾಗದಲ್ಲಿ ಮತ್ತೆ ಅಳೆಯಬೇಕು.

ಅಂಕಿಗಳನ್ನು ಓದುವುದು ಹೀಗೆ:

• ಕಾರ್ಡಿನ ಬಳಕೆ ಶೇ. 95ರ ಮೇಲಿದ್ದರೆ ಕಾರ್ಡ್ ತನ್ನ ಪೂರ್ತಿ ಕೆಲಸ ಮಾಡುತ್ತಿದೆ. ಗೇಮಿನ ಸೆಟ್ಟಿಂಗ್ ಇಳಿಸಬೇಕು, ಇಲ್ಲವೇ ತಾಪ ನೋಡಬೇಕು.

• ಕಾರ್ಡಿನ ಬಳಕೆ ಶೇ. 50–60ರಲ್ಲಿದ್ದು ಎಫ್‌ಪಿಎಸ್ಸೂ ಕಡಿಮೆ ಇದ್ದರೆ ಕಾರ್ಡ್ ಯಾರಿಗೋ ಕಾಯುತ್ತಿದೆ. ರೆಸಲ್ಯೂಶನ್ 1080ರಿಂದ 720ಕ್ಕೆ ಇಳಿಸಿ ನೋಡಿ. ಆಗಲೂ ಎಫ್‌ಪಿಎಸ್ ಏರದಿದ್ದರೆ ಫಾಟಕ ಪ್ರೊಸೆಸರ್ ಅಥವಾ ರ‍್ಯಾಮಿನ ಬಳಿ ಇದೆ. ಪ್ರೊಸೆಸರಿನ ಒಟ್ಟು ಬಳಕೆ ಶೇ. 40 ಎಂದು ತೋರಿಸಿದರೆ ನಂಬಬೇಡಿ. ಬಹಳ ಗೇಮುಗಳ ಭಾರ ಒಂದೆರಡು ಕೋರ್‌ಗಳ ಮೇಲೆಯೇ ಬೀಳುತ್ತದೆ.

• ಎಫ್‌ಪಿಎಸ್ ಸರಿಯಾಗಿ 60ಕ್ಕೋ 30ಕ್ಕೋ ಅಂಟಿಕೊಂಡಿದ್ದರೆ ಎಲ್ಲೋ ವಿ–ಸಿಂಕ್ ಅಥವಾ ಮಿತಿ ಹಾಕಿದ ಸೆಟ್ಟಿಂಗ್ ಉಳಿದಿದೆ. ಗೇಮಿನಲ್ಲಿಯೂ ಡ್ರೈವರಿನ ಪ್ಯಾನೆಲ್ಲಿನಲ್ಲಿಯೂ ಹುಡುಕಿ.

• ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿದರೆ ಬಿಸಿಯ ಸಮಸ್ಯೆ.

• ಭಾರದ ದೃಶ್ಯ ಬಂದೊಡನೆ ಸಿಸ್ಟಮ್ಮೇ ಆಫ್ ಆದರೆ ಕರೆಂಟಿನ ಸಮಸ್ಯೆ.

ಹಂತ ಹಂತವಾಗಿ ಹೀಗೆ ಮಾಡಿ

ಖರ್ಚಿಲ್ಲದ, ಸುಲಭದ ಕೆಲಸಗಳು ಮೊದಲು ಬರುವಂತೆ ಪಟ್ಟಿ ಮಾಡಿದ್ದೇನೆ. ಒಂದು ಹಂತ ಮುಗಿದ ಮೇಲೆ ಅಳೆದು, ಆಮೇಲೆ ಮುಂದಿನದಕ್ಕೆ ಹೋಗಿ.

1. ಕೇಬಲ್ ನೋಡಿ. ಮಾನಿಟರಿನ ಕೇಬಲ್ ಕಾರ್ಡಿನ ಪೋರ್ಟಿನಲ್ಲೇ ಇರಬೇಕು. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಪೋರ್ಟುಗಳು ನಿಲುವಾಗಿ ಸಾಲಾಗಿರುವುದು ಮದರ್‌ಬೋರ್ಡಿನವು, ಅದರ ಕೆಳಗೆ ಅಡ್ಡಲಾಗಿರುವುದು ಕಾರ್ಡಿನವು. ಹೆಚ್ಚು ಹರ್ಟ್ಸ್‌ನ ಮಾನಿಟರಾದರೆ ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕುವುದು ಒಳ್ಳೆಯದು. ಹಳೆಯ ಎಚ್‌ಡಿಎಂಐ ಕೇಬಲ್ ಅಷ್ಟು ವೇಗವನ್ನು ದಾಟಿಸದೆ ಇರಬಹುದು.

2. ಮಾನಿಟರಿನ ಹರ್ಟ್ಸ್ ಸರಿಪಡಿಸಿ. 144 ಹರ್ಟ್ಸ್ ಮಾನಿಟರ್ ತಂದರೂ ವಿಂಡೋಸ್ ಎಷ್ಟೋ ಸಲ ಅದನ್ನು 60ರಲ್ಲೇ ನಡೆಸುತ್ತದೆ. ಸೆಟ್ಟಿಂಗ್ಸ್, ಸಿಸ್ಟಂ, ಡಿಸ್‌ಪ್ಲೇ, ಅಡ್ವಾನ್ಸ್‌ಡ್ ಡಿಸ್‌ಪ್ಲೇ – ಈ ದಾರಿಯಲ್ಲಿ ಹೋಗಿ ಬದಲಿಸಿ. ಇನ್ನೊಂದು ಮಾತು: ಹೊಸ ಮಾನಿಟರೂ ಒಂದು ಅಪ್‌ಗ್ರೇಡೇ, ಆದರೆ ಕಾರ್ಡಿನ ಮಟ್ಟಿಗೆ ಅದು ಹೊಸ ಹೊರೆ. 1080ರಿಂದ 1440ಕ್ಕೆ ಹೋದರೆ ಬಿಡಿಸಬೇಕಾದ ಚುಕ್ಕಿಗಳು ಸುಮಾರು 1.8 ಪಟ್ಟು ಹೆಚ್ಚುತ್ತವೆ, 4ಕೆ ಆದರೆ ನಾಲ್ಕು ಪಟ್ಟು. ಹಳೆಯ ಕಾರ್ಡು ಅಲ್ಲಿ ಸುಸ್ತಾದರೆ ಅದರ ತಪ್ಪಲ್ಲ.

3. ಹಳೆಯ ಡ್ರೈವರ್ ಬೇರು ಸಮೇತ ತೆಗೆಯಿರಿ. ಎನ್‌ವಿಡಿಯಾ ಬಿಟ್ಟು ಎಎಂಡಿಗೆ, ಅಥವಾ ಎಎಂಡಿ ಬಿಟ್ಟು ಇಂಟೆಲ್‌ಗೆ ಬಂದವರಿಗೆ ಇದು ತಪ್ಪದ ಕೆಲಸ. ಮೊದಲು ಹೊಸ ಡ್ರೈವರನ್ನು ಕಂಪನಿಯ ತಾಣದಿಂದಲೇ ಇಳಿಸಿಟ್ಟುಕೊಳ್ಳಿ. ಇಂಟರ್‌ನೆಟ್ ಕಿತ್ತುಹಾಕಿ, ಇಲ್ಲದಿದ್ದರೆ ವಿಂಡೋಸ್ ನಡುವೆ ಬಾಯಿ ಹಾಕಿ ತನ್ನದೇ ಡ್ರೈವರ್ ತಂದು ಕೂರಿಸುತ್ತದೆ. ಸೇಫ್ ಮೋಡ್‌ಗೆ ಹೋಗಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶದಿಂದ ಹಳೆಯದನ್ನು ಅಳಿಸಿ, ಮತ್ತೆ ಚಾಲೂ ಮಾಡಿ ಹೊಸದನ್ನು ಹಾಕಿ.

4. ಮೊದಲ ಅರ್ಧ ಗಂಟೆಯ ಆಟ ನೋಡಿ ತೀರ್ಪು ಕೊಡಬೇಡಿ. ಹೊಸ ಕಾರ್ಡ್ ಅಥವಾ ಹೊಸ ಡ್ರೈವರ್ ಹಾಕಿದಾಗ ಗೇಮು ತನ್ನ ಬೆಳಕು–ನೆರಳಿನ ಶೇಡರ್‌ಗಳನ್ನು ಆ ಕಾರ್ಡಿಗೆ ತಕ್ಕಂತೆ ಮತ್ತೆ ತಯಾರಿಸಿಕೊಳ್ಳುತ್ತದೆ. ಅಷ್ಟು ಹೊತ್ತು ಮುಗ್ಗರಿಸುವುದು ಸಹಜ. ಗೇಮು ಶುರುವಾಗುವಾಗ ಶೇಡರ್ ತಯಾರಾಗುತ್ತಿದೆ ಎಂದು ಬರೆದು ಬಂದರೆ ಎಸ್ಕೇಪ್ ಒತ್ತಿ ದಾಟಿಸಬೇಡಿ. ಚಹಾ ಕುಡಿದು ಬನ್ನಿ.

5. ರ‍್ಯಾಮ್ ಎಲ್ಲಿ ಕೂತಿದೆ, ಎಷ್ಟು ವೇಗದಲ್ಲಿದೆ? ನಾನು ಕಂಡ ತಪ್ಪುಗಳಲ್ಲಿ ಅತಿ ಹೆಚ್ಚು ಇಲ್ಲಿಯವೇ. ಎರಡು ಸ್ಟಿಕ್ ಇದ್ದರೆ, ನಾಲ್ಕು ಸ್ಲಾಟಿನ ಬಹುತೇಕ ಬೋರ್ಡುಗಳಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಬೇಕು. ಅಕ್ಕಪಕ್ಕ ಹಾಕಿದರೆ ಎರಡು ದಾರಿಗಳಿದ್ದರೂ ಒಂದರಲ್ಲೇ ಓಡಾಟ. 16 ಜಿಬಿಯ ಒಂದೇ ಸ್ಟಿಕ್ಕಿಗಿಂತ 8 ಜಿಬಿಯ ಎರಡು ಸ್ಟಿಕ್ ಲೇಸು ಎನ್ನುವುದು ಇದಕ್ಕೇ. ರೈಝನ್ 5 5600ಜಿ ತರಹದ, ಒಳಗಿನ ಗ್ರಾಫಿಕ್ಸ್‌ನಲ್ಲೇ ಆಡುವ ಸಿಸ್ಟಂಗಳಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಆಮೇಲೆ ವೇಗ. ಡಬ್ಬದ ಮೇಲೆ 3200 ಎಂದಿರುವ ಡಿಡಿಆರ್4 ರ‍್ಯಾಮನ್ನು ಬೋರ್ಡು ತಾನಾಗಿ 2133, 2400 ಅಥವಾ 2666ರಲ್ಲಿ ನಡೆಸುತ್ತದೆ. 6000ದ ಡಿಡಿಆರ್5 ಸಾಮಾನ್ಯವಾಗಿ 4800ರಲ್ಲಿ ಎದ್ದು ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಈ ಅಂಕಿ ಸಿಗುತ್ತದೆ. ಬಯಾಸ್‌ಗೆ ಹೋಗಿ ಇಂಟೆಲ್ ಬೋರ್ಡಾದರೆ ಎಕ್ಸ್‌ಎಂಪಿ, ಎಎಂಡಿಯ ಡಿಡಿಆರ್5 ಬೋರ್ಡಾದರೆ ಎಕ್ಸ್‌ಪೋ ಆನ್ ಮಾಡಿದರೆ ನೀವು ದುಡ್ಡು ಕೊಟ್ಟ ವೇಗ ಸಿಗುತ್ತದೆ. ಹಳೆಯ ಸ್ಟಿಕ್ಕಿನ ಜೊತೆ ಹೊಸದನ್ನು ಬೆರೆಸಿದ್ದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ, ಕೆಲವೊಮ್ಮೆ ಹೊಂದಿಕೊಳ್ಳುವುದೂ ಇಲ್ಲ.

6. ಕಾರ್ಡಿಗೆ ಎಷ್ಟು ಹಳಿ ಸಿಕ್ಕಿದೆ? ಕಾರ್ಡ್ ಸಾಮಾನ್ಯವಾಗಿ ಪ್ರೊಸೆಸರಿಗೆ ಹತ್ತಿರದ ಮೇಲಿನ ಉದ್ದ ಸ್ಲಾಟಿನಲ್ಲಿರಬೇಕು. ಕೆಳಗಿನ ಸ್ಲಾಟು ನೋಡಲು ಅಷ್ಟೇ ಉದ್ದವಿದ್ದರೂ ಒಳಗೆ ನಾಲ್ಕೇ ಲೇನ್ ಇರುವುದು ಸಾಮಾನ್ಯ. ಹದಿನೈದು ಬೋಗಿಯ ಗಾಡಿಯನ್ನು ಹನ್ನೆರಡು ಬೋಗಿಯ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸಿದ ಹಾಗೆ. ಜಿಪಿಯು–ಝಡ್ ಎಂಬ ಉಚಿತ ತಂತ್ರಾಂಶದಲ್ಲಿ ಬಸ್ ಇಂಟರ್‌ಫೇಸ್ ಎಂಬ ಸಾಲು ನೋಡಿ. ಕೆಲಸವಿಲ್ಲದಾಗ ಕಾರ್ಡು ವೇಗ ಇಳಿಸಿಕೊಂಡು 1.1 ಎಂದು ತೋರಿಸುತ್ತದೆ, ಗಾಬರಿ ಬೇಡ. ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಪರೀಕ್ಷೆ ನಡೆಸಿದಾಗ ನಿಜವಾದ ಅಂಕಿ ಬರುತ್ತದೆ.

ಆರ್‌ಟಿಎಕ್ಸ್ 4060ಕ್ಕೆ ಎಂಟೇ ಲೇನ್ ಇರುವುದು ಅದರ ರಚನೆ, ದೋಷವಲ್ಲ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಲೇನ್. ಹಾಗಾಗಿ ಪಿಸಿಐ ಎಕ್ಸ್‌ಪ್ರೆಸ್ 3.0 ಇರುವ ಹಳೆಯ ಬೋರ್ಡಿನಲ್ಲಿ ಅದು ಎಡವುತ್ತದೆ. ಇಂಟೆಲ್ ಆರ್ಕ್ ಕಾರ್ಡ್ ತಂದವರು ಬಯಾಸ್‌ನಲ್ಲಿ ರೀಸೈಝಬಲ್ ಬಾರ್ ಆನ್ ಮಾಡಲೇಬೇಕು. ಅದಿಲ್ಲದಿದ್ದರೆ ಕಾರ್ಡಿನ ಶಕ್ತಿ ಗಣನೀಯವಾಗಿ ಕುಗ್ಗುತ್ತದೆ. ಆ ಸೌಲಭ್ಯವೇ ಇಲ್ಲದ ಹಳೆಯ ಬೋರ್ಡಿಗೆ ಆರ್ಕ್ ಕೊಳ್ಳದಿರುವುದೇ ಜಾಣತನ.

7. ಎಸ್‌ಎಂಪಿಎಸ್‌ಗೆ ಕೈಲಾಗುತ್ತದೆಯೇ? ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದು ಬರೆದಿದ್ದರೆ ಅದನ್ನು ಪ್ರಮಾಣವಚನವೆಂದು ತಿಳಿಯಬೇಡಿ. ಲೆಕ್ಕ ಹೀಗಿದೆ: ಸ್ಲಾಟಿನಿಂದ ಕಾರ್ಡಿಗೆ ಸಿಗುವುದು ಹೆಚ್ಚೆಂದರೆ 75 ವ್ಯಾಟ್, ಆರು ಪಿನ್ನಿನ ಕೇಬಲ್ಲಿನಿಂದ ಇನ್ನೊಂದು 75, ಎಂಟು ಪಿನ್ನಿನದರಿಂದ 150. ಆರ್‌ಟಿಎಕ್ಸ್ 4060 ಎಳೆಯುವುದು 115 ವ್ಯಾಟ್. 4070 ಎಳೆಯುವುದು 200, ಅದಕ್ಕೆ ಕಂಪನಿಯೇ ಸೂಚಿಸುವುದು 650 ವ್ಯಾಟಿನ ಎಸ್‌ಎಂಪಿಎಸ್. ಎರಡು ಕನೆಕ್ಟರ್ ಬೇಡುವ ಕಾರ್ಡಿಗೆ ಒಂದೇ ಕೇಬಲ್ಲಿನ ಎರಡು ಬಾಲಗಳನ್ನು ಸಿಕ್ಕಿಸದೆ, ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ತನ್ನಿ.

8. ಬಿಸಿ ನೋಡಿ. ಬಿಸಿ ಮಿತಿ ಮುಟ್ಟಿದರೆ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಇಂಟೆಲ್‌ನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಆ ಮಿತಿ 100 ಡಿಗ್ರಿ, ರೈಝನ್ 7000 ಸಾಲಿನ ಹೆಚ್ಚಿನವಕ್ಕೆ 95. ಹೊಸ ಪ್ರೊಸೆಸರ್ ಹಾಕಿದ ಮೊದಲ ದಿನವೇ ಈ ಅಂಕಿ ಮುಟ್ಟುತ್ತಿದ್ದರೆ ಕೂಲರ್ ಬಿಚ್ಚಿ ನೋಡಿ. ಕೂಲರಿನ ತಳದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕೀಳದೆ ಹಾಗೇ ಕೂರಿಸಿದ್ದನ್ನು ನಾನೇ ಕಂಡಿದ್ದೇನೆ. ಪೇಸ್ಟ್ ಒಂದು ಬಟಾಣಿಯಷ್ಟು ಸಾಕು. ಬಿಚ್ಚಿದ ಮೇಲೆ ಹಳೆಯದನ್ನು ಒರೆಸಿ ಹೊಸದಾಗಿ ಹಚ್ಚಬೇಕು. ಫ್ಯಾನುಗಳೆಲ್ಲ ಗಾಳಿಯನ್ನು ಹೊರಗೇ ತಳ್ಳುತ್ತಿವೆಯೇ ಎಂದೂ ನೋಡಿ. ಮುಂದಿನದು ಒಳಗೆ, ಹಿಂದಿನದು ಹೊರಗೆ, ಇದು ನಿಯಮ.

9. ಗೇಮು ಎಲ್ಲಿದೆ? ಹೊಸ ಎಸ್‌ಎಸ್‌ಡಿ ಹಾಕಿ ವಿಂಡೋಸ್ ಮಾತ್ರ ಅದರಲ್ಲಿ ಇಟ್ಟು, ಗೇಮನ್ನು ಹಳೆಯ ಹಾರ್ಡ್ ಡಿಸ್ಕಿನಲ್ಲೇ ಬಿಟ್ಟವರು ಬಹಳ ಮಂದಿ. 2023ರ ಸ್ಟಾರ್‌ಫೀಲ್ಡ್‌ನಂಥ ಗೇಮುಗಳು ಎಸ್‌ಎಸ್‌ಡಿಯನ್ನು ಕನಿಷ್ಠ ಅಗತ್ಯದಲ್ಲೇ ಸೇರಿಸಿವೆ. ಎಸ್‌ಎಸ್‌ಡಿಯನ್ನು ಕಂಠಮಟ್ಟ ತುಂಬಿಸಬೇಡಿ, ಐದರಲ್ಲೊಂದು ಭಾಗ ಖಾಲಿ ಇರಲಿ. ಕಾರ್ಡಿನ ಮೆಮೊರಿ 8 ಜಿಬಿ ಇದ್ದು ಗೇಮು ಅದನ್ನು ಪೂರ್ತಿ ತುಂಬಿಸಿದರೂ ಮುಗ್ಗರಿಕೆ ಶುರುವಾಗುತ್ತದೆ. ಆಗ ಟೆಕ್ಸ್‌ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿದರೆ ಸಾಕು.

10. ಮದರ್‌ಬೋರ್ಡ್ ಬದಲಿಸಿದ್ದರೆ ವಿಂಡೋಸ್ ಹೊಸದಾಗಿ ಹಾಕಿ. ಹಳೆಯ ಬೋರ್ಡಿನ ಡ್ರೈವರುಗಳನ್ನು ಹೊತ್ತುಕೊಂಡ ವಿಂಡೋಸ್ ಹೊಸ ಬೋರ್ಡಿನಲ್ಲಿ ಏಳಬಹುದು, ಆದರೆ ಸರಿಯಾಗಿ ನಡೆಯುತ್ತದೆಂಬ ಭರವಸೆ ಇಲ್ಲ. ಫೋಟೋ, ಕಡತಗಳನ್ನೆಲ್ಲ ಬೇರೆ ಕಡೆ ಇಟ್ಟುಕೊಂಡು ಹೊಸದಾಗಿ ಹಾಕಿ, ಚಿಪ್‌ಸೆಟ್ ಡ್ರೈವರನ್ನು ಬೋರ್ಡ್ ಕಂಪನಿಯ ತಾಣದಿಂದ ತನ್ನಿ. ವಿಂಡೋಸ್ 11ರಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಗೇಮಿನ ವೇಗವನ್ನು ಸ್ವಲ್ಪ ತಿನ್ನುತ್ತದೆ ಎಂದು ಮೈಕ್ರೋಸಾಫ್ಟ್ 2022ರಲ್ಲಿ ತಾನೇ ಹೇಳಿದೆ. ಆಡುವಾಗ ಆಫ್ ಮಾಡಿದರೂ ಆಮೇಲೆ ಆನ್ ಮಾಡಿ. ಅದೇ ಸಿಸ್ಟಮ್ಮಿನಲ್ಲಿ ಅಪ್ಪನ ಬ್ಯಾಂಕ್ ವ್ಯವಹಾರ ನಡೆಯುವುದಾದರೆ ಮುಟ್ಟದೆ ಬಿಡುವುದೇ ವಾಸಿ.

11. ಕೊನೆಗೆ ಬಯಾಸ್. ಕೆಲವು ತೊಂದರೆಗಳಿಗೆ ಬಯಾಸ್ ಹೊಸದು ಮಾಡದೆ ಬೇರೆ ಮದ್ದಿಲ್ಲ. ರೈಝನ್ ಸಿಸ್ಟಂ ಆಗಾಗ ಒಂದೆರಡು ಸೆಕೆಂಡು ಹೆಪ್ಪುಗಟ್ಟಿದಂತೆ ನಿಲ್ಲುತ್ತಿದ್ದರೆ ಅದು ಎಫ್‌ಟಿಪಿಎಂ ಎಂಬ ಭದ್ರತಾ ಸೌಲಭ್ಯದ ತೊಂದರೆ ಇರಬಹುದು. ಎಎಂಡಿ ಅದನ್ನು 2022ರಲ್ಲಿ ಒಪ್ಪಿಕೊಂಡು ಬಯಾಸ್ ಮೂಲಕ ಪರಿಹಾರ ಕೊಟ್ಟಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರುಗಳಲ್ಲಿ ವೋಲ್ಟೇಜ್ ಅತಿಯಾಗಿ ಚಿಪ್ಪು ಸವೆಯುವ ದೋಷ ಬಯಲಾದದ್ದು 2024ರಲ್ಲಿ. ಗ್ರಾಫಿಕ್ಸ್ ಮೆಮೊರಿ ಸಾಲದು ಎಂಬ ಸಂದೇಶ ತೋರಿಸಿ ಗೇಮು ಬೀಳುವುದು ಅದರ ಒಂದು ಲಕ್ಷಣ. ಬೈಗುಳ ಕಾರ್ಡಿಗೆ, ಕಾಯಿಲೆ ಪ್ರೊಸೆಸರಿಗೆ! ಇಂಟೆಲ್ ಬಯಾಸ್ ಮೂಲಕ ಹೊಸ ಮೈಕ್ರೋಕೋಡ್ ಕೊಟ್ಟಿತಲ್ಲದೆ ಆ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು.

ಮಳೆ, ಧೂಳು, ಕರೆಂಟು

ವಿದೇಶದ ವಿಡಿಯೋಗಳಲ್ಲಿ ಹೇಳದ, ನಮ್ಮ ಕಡೆಗೆ ಮಾತ್ರ ಸಲ್ಲುವ ಕೆಲವು ಸಂಗತಿಗಳಿವೆ.

ಘೋಡ್‌ಬಂದರ್ ರಸ್ತೆಯಲ್ಲೂ ಕಲ್ಯಾಣ್–ಶಿಳ್ ರಸ್ತೆಯಲ್ಲೂ ಮೆಟ್ರೋ ಕಾಮಗಾರಿಯ ಧೂಳು ಎಷ್ಟೆಂಬುದು ಕಿಟಕಿಯ ಸರಳು ಒರೆಸಿದವರಿಗೆ ಗೊತ್ತು. ಅದೇ ಧೂಳು ಕೂಲರಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂರುತ್ತದೆ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ. ಹಿಡಿಯುವಾಗ ಫ್ಯಾನು ತಿರುಗದಂತೆ ಬೆರಳಿನಿಂದ ತಡೆದುಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ರ‍್ಯಾಮ್ ಮತ್ತು ಕಾರ್ಡಿನ ಹಲ್ಲುಗಳು ಮಂಕಾಗುತ್ತವೆ. ಮಳೆಗಾಲದಲ್ಲಿ ಸಿಸ್ಟಂ ಸುಮ್ಮನೆ ಕೈಕೊಡಲು ಶುರುವಾದರೆ, ಸ್ವಿಚ್ ಆಫ್ ಮಾಡಿ ವೈರ್ ಕಿತ್ತು ರ‍್ಯಾಮ್ ಹೊರತೆಗೆಯಿರಿ. ಬಿಳಿ ರಬ್ಬರಿನಿಂದ ಬಂಗಾರ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಒಂದೇ ದಿಕ್ಕಿಗೆ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ಕೊಡವಿ ಮತ್ತೆ ಕೂರಿಸಿ. ಎರಡೂ ತುದಿ ಟಕ್ ಎನ್ನಬೇಕು.

ಕರೆಂಟು ಹೋಗಿ ಬಂದಾಗಲೆಲ್ಲ ಸಿಸ್ಟಮ್ಮಿನ ಗಡಿಯಾರ ತಪ್ಪು ತೋರಿಸುತ್ತಿದ್ದರೆ ಬೋರ್ಡಿನ ಸಿಆರ್ 2032 ಬ್ಯಾಟರಿ ಸತ್ತಿದೆ ಎಂದರ್ಥ. ಅದರ ಜೊತೆ ನೀವು ಆನ್ ಮಾಡಿದ ಎಕ್ಸ್‌ಎಂಪಿಯೂ ಅಳಿಸಿಹೋಗಿ ರ‍್ಯಾಮ್ ಹಳೆಯ ವೇಗಕ್ಕೆ ಮರಳುತ್ತದೆ. "ನಿನ್ನೆ ಚೆನ್ನಾಗಿತ್ತು, ಇವತ್ತು ಇಲ್ಲ" ಎಂಬ ದೂರಿನ ಹಿಂದೆ ಕೆಲವು ರೂಪಾಯಿಗಳ ಈ ಬಿಲ್ಲೆ ಇರಬಹುದು.

ಮನೆಯಲ್ಲಿರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಹಳೆಯ ಸಿಸ್ಟಂಗೆ ಅದು ಧಾರಾಳವಾಯಿತು. ಹೊಸ ಕಾರ್ಡ್ ಬಂದ ಮೇಲೆ ಆಟದ ನಡುವೆ ಅದು ಕಿರುಚಿ ಕೈಬಿಟ್ಟರೆ ದೂರಬೇಕಾದ್ದು ಕಾರ್ಡನ್ನಲ್ಲ.

ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದವರಿಗೆ

2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಹಗಲಿರುಳು ದುಡಿದ ಕಾರ್ಡುಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದವು. ಅವೆಲ್ಲ ಕೆಟ್ಟವಲ್ಲ, ಆದರೆ ಫ್ಯಾನು ಸವೆದು, ಒಳಗಿನ ಪೇಸ್ಟ್ ಮತ್ತು ಪ್ಯಾಡ್ ಒಣಗಿರಬಹುದು. ಇನ್ನೂ ಕೆಟ್ಟದ್ದು ವೇಷ ಹಾಕಿದ ಕಾರ್ಡು. ಹಳೆಯ ಕಾರ್ಡಿನ ಬಯಾಸ್ ತಿದ್ದಿ ಹೊಸದರ ಹೆಸರು ಕೊಟ್ಟಿರುತ್ತಾರೆ. ಆರ್‌ಎಕ್ಸ್ 580 ಎಂದು ಮಾರುವ ಕಾರ್ಡುಗಳಲ್ಲಿ 2304 ಶೇಡರ್ ಇರುವುದು ಅಸಲಿ 580, 2048 ಇರುವುದು ಅದರ ಬಡ ತಮ್ಮ. ಜಿಪಿಯು–ಝಡ್ ಇಂಥ ನಕಲಿಗಳಲ್ಲಿ ಹಲವನ್ನು ಗುರುತಿಸಿ ಹೆಸರಿನ ಮುಂದೆಯೇ ಬರೆದು ತೋರಿಸುತ್ತದೆ. ಕೊಳ್ಳುವಾಗಲೇ ಅಂಗಡಿಯಲ್ಲಿ ಹತ್ತು ನಿಮಿಷ ಓಡಿಸಿ ತೋರಿಸಲು ಹೇಳಿ. ತೋರಿಸದಿದ್ದರೆ ಅಲ್ಲಿಂದ ಹೊರಡಿ.

ಎಚ್ಚರಿಕೆ

• ಕ್ಯಾಬಿನೆಟ್ ತೆರೆಯುವ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ ವೈರ್ ಕೀಳಿ. ಪವರ್ ಬಟನ್ನನ್ನು ಒಂದೆರಡು ಸಲ ಒತ್ತಿ ಉಳಿದ ಕರೆಂಟು ಖಾಲಿ ಮಾಡಿ. ಬರಿಯ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಕಳೆದುಕೊಳ್ಳಿ.

• ಎಸ್‌ಎಂಪಿಎಸ್ಸಿನ ಡಬ್ಬವನ್ನು ಮಾತ್ರ ಎಂದೂ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಅದರೊಳಗೆ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರುತ್ತದೆ.

• ಬಯಾಸ್ ಹೊಸದು ಮಾಡುವ ಐದು ನಿಮಿಷ ಕರೆಂಟು ಹೋಗಕೂಡದು. ಹೋದರೆ ಬೋರ್ಡೇ ಸಾಯಬಹುದು. ಯುಪಿಎಸ್ ಇಲ್ಲದೆ, ಅದರಲ್ಲೂ ಮಹಾವಿತರಣದವರು ರಿಪೇರಿಗೆ ಕರೆಂಟು ತೆಗೆಯುವ ದಿನ, ಈ ಕೆಲಸಕ್ಕೆ ಕೈ ಹಾಕಬೇಡಿ.

• ಅದಕ್ಕೂ ಮೊದಲು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಇದ್ದರೆ 48 ಅಂಕಿಗಳ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಸಿಕ್ಕಿಬಿದ್ದರೆ ನಿಮ್ಮ ಫೋಟೋಗಳು ನಿಮಗೇ ಸಿಗುವುದಿಲ್ಲ.

• ಹೊಸ 16 ಪಿನ್ನಿನ ಕನೆಕ್ಟರ್ ಇರುವ ಕಾರ್ಡಿಗೆ ಪ್ಲಗ್ಗನ್ನು ಸಂದು ಕಾಣದಂತೆ ಪೂರ್ತಿ ಒತ್ತಿ. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಕನೆಕ್ಟರುಗಳು ಕರಗಿದ ಪ್ರಕರಣಗಳಲ್ಲಿ ಅರ್ಧಕ್ಕೆ ಕೂತ ಪ್ಲಗ್ಗೂ ಒಂದು ಮುಖ್ಯ ಕಾರಣವಾಗಿತ್ತು.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಒಂದೇ ಸಲ ಡ್ರೈವರ್, ಬಯಾಸ್, ರ‍್ಯಾಮ್ ಮೂರನ್ನೂ ಬದಲಿಸುವುದು. ಸರಿಯಾದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಹಾಳಾದರೂ ಗೊತ್ತಾಗುವುದಿಲ್ಲ.

• ಗೇಮ್ ಬೂಸ್ಟರ್, ಡ್ರೈವರ್ ಅಪ್‌ಡೇಟರ್ ಎಂಬ ಹೆಸರಿನ ತಂತ್ರಾಂಶ ಹಾಕುವುದು. ವೇಗ ಹೆಚ್ಚಿಸುವ ಬದಲು ಅವೂ ಹಿಂದೆ ಕೂತು ತಿನ್ನುತ್ತವೆ.

• ಹಳೆಯ ಎಸ್‌ಎಂಪಿಎಸ್ಸಿನ ಬಿಡಿ ಕೇಬಲ್ಲುಗಳನ್ನು ಹೊಸದಕ್ಕೆ ಸಿಕ್ಕಿಸುವುದು. ತುದಿ ಒಂದೇ ತರಹ ಕಂಡರೂ ಒಳಗಿನ ವೈರಿನ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಡಿಸ್ಕು, ಬೋರ್ಡು ಎಲ್ಲ ಸುಟ್ಟುಹೋಗಬಹುದು.

• ಇಂಟರ್‌ನೆಟ್ಟಿನ "ಬಾಟಲ್‌ನೆಕ್ ಕ್ಯಾಲ್ಕುಲೇಟರ್" ಹೇಳಿದ ಶೇಕಡಾವಾರು ನಂಬಿ ಪ್ರೊಸೆಸರ್ ಕೊಳ್ಳುವುದು. ತಡೆ ಗೇಮಿನಿಂದ ಗೇಮಿಗೆ ಬದಲಾಗುತ್ತದೆ. ನಿಮ್ಮ ಮನೆಯಲ್ಲಿ ಅಳೆದ ಅಂಕಿಯೇ ನಿಮ್ಮದು.

• ಡಬ್ಬ ಮತ್ತು ಬಿಲ್ಲನ್ನು ರದ್ದಿಗೆ ಹಾಕುವುದು. ವಾರಂಟಿ ಕೇಳುವ ದಿನ ಸರ್ವಿಸ್ ಸೆಂಟರಿನವರು ಮೊದಲು ಕೇಳುವುದು ಜಿಎಸ್‌ಟಿ ಬಿಲ್ಲು ಮತ್ತು ಕಾರ್ಡಿನ ಮೇಲಿನ ಸೀರಿಯಲ್ ನಂಬರ್.

ಇಷ್ಟಾದರೂ ಸರಿಹೋಗದಿದ್ದರೆ

ಕಾರ್ಡನ್ನು ಸ್ನೇಹಿತರೊಬ್ಬರ ಸಿಸ್ಟಮ್ಮಿನಲ್ಲಿ ಹಾಕಿ ಅದೇ ಗೇಮು ಆಡಿ ನೋಡಿ. ಅಲ್ಲಿ ಚೆನ್ನಾಗಿ ಓಡಿದರೆ ತೊಂದರೆ ನಿಮ್ಮ ಮನೆಯಲ್ಲಿದೆ, ಮತ್ತೆ ಮೊದಲ ಹಂತದಿಂದ ಶುರುಮಾಡಿ. ಅಲ್ಲಿಯೂ ಮುಗ್ಗರಿಸಿದರೆ ತೊಂದರೆ ಕಾರ್ಡಿನದು. ಆಗ ಗ್ರ್ಯಾಂಟ್ ರೋಡಿನ ಗಾಡಿ ಹತ್ತಿ. ಕೈಯಲ್ಲಿ ಕಾರ್ಡು, ಡಬ್ಬ, ಬಿಲ್ಲು ಇರಲಿ. ಜೊತೆಗೆ ಎರಡೂ ಸಿಸ್ಟಂಗಳ ಅಂಕಿ ಬರೆದ ಆ ಕಾಗದವೂ ಇರಲಿ. "ಸ್ಲೋ ಆಗ್ತಿದೆ" ಎಂದು ಬಾಯಲ್ಲಿ ಹೇಳಿದರೆ ನಾಳೆ ಬನ್ನಿ ಎನ್ನುವ ಅಂಗಡಿಯವನು, ತಾಪ ಇಷ್ಟು, ಬಳಕೆ ಇಷ್ಟು, ಎರಡು ಸಿಸ್ಟಮ್ಮಿನಲ್ಲೂ ಹೀಗೇ ಎಂದು ಬರೆದದ್ದನ್ನು ಕಂಡರೆ ಕಾರ್ಡನ್ನು ಕೈಗೆ ತೆಗೆದುಕೊಳ್ಳುತ್ತಾನೆ.